ಮನೆ ಮಗಳು ಅಂತ ಬರೆಸಿದ ವರ್ಷ

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮಾರುಕಟ್ಟೆ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಕೊಬ್ಬರಿ ಅಂಗಡಿಗಳು ಶುರುವಾಗುತ್ತವೆ. ಮೂಟೆ ಬಿಚ್ಚಿದ ಹೊತ್ತಿನಲ್ಲಿ ಅಲ್ಲಿ ಹಾದುಹೋದರೆ ಮೊದಲು ಎಣ್ಣೆಯ ಸಿಹಿ ವಾಸನೆ, ಅದರ ಬೆನ್ನಿಗೇ ಹೊಗೆಯ ವಾಸನೆ. ಬೇರೆಯವರಿಗೆ ಅದು ಹಬ್ಬ, ಹೋಳಿಗೆ ನೆನಪಿಸಬಹುದು. ನಾನು ಮೂಗಿಗೆ ಸೆರಗು ಹಿಡಿದು ದಾಟಿಬಿಡುತ್ತೇನೆ. ಏಳು ವರ್ಷ ಈ ವಾಸನೆ ತಪ್ಪಿಸಿಕೊಂಡು ಓಡಾಡಿದ್ದೆ. ಹಿರಿಯೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ, ಪಕ್ಕದ ಆದಿವಾಲದಲ್ಲಿ ಬಾಡಿಗೆ ಕೋಣೆ. ರಜೆ ಸಿಕ್ಕರೆ ಜಿಲ್ಲಾಕೇಂದ್ರ ದುರ್ಗಕ್ಕೆ ಹೋಗುತ್ತಿದ್ದೆ. ಹೊಸದುರ್ಗದ ಬಸ್ಸು ಬಂದು ಎದುರಿಗೇ ನಿಂತರೂ ಹತ್ತುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಹತ್ತಿಸಿದ್ದು ಅವ್ವನ ಫೋನು.

"ರೇಣುಕ, ನಾನು ಕಣೆ, ಅವ್ವ. ದನಿ ಗುರ್ತು ಸಿಕ್ತಾ?"

ಸಿಗದೆ ಏನು. ಸುಮ್ಮನೆ "ಹ್ಞೂಂ" ಅಂದೆ.

"ಗುರುವಾರ ಬಂದೋಗವ್ವ. ಅನುಷಂಗೆ ಹದಿನೆಂಟು ತುಂಬ್ತೈತೆ. ಕಚೇರಿಯೋರು ಮನೆಗೆ ಬರ್ತಾರಂತೆ. ಹಿರೇ ಮಗಳು ನೀನೇ ಇಲ್ದಿದ್ರೆ ಹೆಂಗೆ ಹೇಳು."

ಅವ್ವ ಅಂದರೆ ಹೆತ್ತವಳಲ್ಲ. ಹೆತ್ತವಳು ನನಗೆ ಆರು ವರ್ಷವಿದ್ದಾಗ ತೀರಿಕೊಂಡಳು, ಅಪ್ಪ ಯಾರೋ ತಿಳಿಯದು. ದುರ್ಗದ ಒಂದು ಮಕ್ಕಳ ಮನೆಯಲ್ಲಿ ಐದು ವರ್ಷ ಬೆಳೆದೆ. ಹನ್ನೊಂದನೇ ವಯಸ್ಸಿಗೆ, ಸರ್ಕಾರದ ಪೋಷಕ ಕುಟುಂಬದ ಯೋಜನೆಯಲ್ಲಿ, ಹೊಸದುರ್ಗದಿಂದ ಒಳಗಿನ ಒಂದು ಊರಿನ ರುದ್ರಪ್ಪ, ಪಾರ್ವತಮ್ಮ ದಂಪತಿ ನನ್ನನ್ನು ಮನೆಗೆ ಕರೆತಂದರು. ಅದು ದತ್ತು ಅಲ್ಲ. ಹದಿನೆಂಟು ತುಂಬುವವರೆಗೆ ಅವರು ಸಾಕುವುದು, ಅದಕ್ಕೆ ಸರ್ಕಾರ ತಿಂಗಳಿಗಿಷ್ಟು ಅಂತ ಕೊಡುವುದು. ಊರ ಹೆಸರು ಬೇಡ. ಅವರಿಗೆ ಮಾನದ ಚಿಂತೆ ಜಾಸ್ತಿ, ಈ ಕಥೆಯೆಲ್ಲ ನಿಂತಿರುವುದೂ ಅದರ ಮೇಲೆಯೇ.

ಅನುಷ ನಾನು ಬಿಟ್ಟುಬಂದ ಮೇಲೆ ಅದೇ ಯೋಜನೆಯಲ್ಲಿ ಆ ಮನೆಗೆ ಬಂದ ಹುಡುಗಿ. ಅವಳನ್ನು ನಾನು ನೋಡಿರಲಿಲ್ಲ. ಆದರೆ ಹದಿನೆಂಟು, ಕಚೇರಿ, ಗುರುವಾರ ಈ ಮೂರೂ ಒಂದೇ ಉಸಿರಿನಲ್ಲಿ ಕೇಳಿದಾಗ ಕೈಯಲ್ಲಿದ್ದ ಬೆಡ್‌ಶೀಟು ಹಾಗೇ ಹಿಡಿದು ಕೂತುಬಿಟ್ಟೆ. ನನ್ನ ಹದಿನೆಂಟರ ಲೆಕ್ಕವೂ ಒಂದು ಗುರುವಾರವೇ ಮುಗಿದಿತ್ತು.

ನನಗೆ ಹದಿನೆಂಟು ತುಂಬಲಿದ್ದ ಆ ಬೇಸಿಗೆಯಲ್ಲಿ ಭರಣಿ ಮಳೆ ಚೆನ್ನಾಗಿ ಹಿಡಿದಿತ್ತು. ಭರಣಿ ಸುರಿದರೆ ಧರಣಿ ಬದುಕೀತು ಅಂತ ಅಪ್ಪಾಜಿ ಜಗಲಿ ಮೇಲೆ ಕೂತು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ರುದ್ರಪ್ಪನವರನ್ನು ನಾನು ಅಪ್ಪಾಜಿ ಅನ್ನುತ್ತಿದ್ದೆ. ಬೆಳಿಗ್ಗೆ ಎದ್ದ ತಕ್ಷಣ ಹಣೆತುಂಬ ವಿಭೂತಿ, ಮಠದ ಮಾತು ಬಂದರೆ ಎರಡು ಕೈ ಜೋಡಿಸುವುದು, ಬೀದಿಯಲ್ಲಿ ಹೋಗುವವರನ್ನು ಕರೆದು ಚಹಾ ಕುಡಿಸುವುದು. ಕೆಟ್ಟವರಲ್ಲ. ಹೊಡೆದವರಲ್ಲ, ಹಸಿವಿನಲ್ಲಿ ಮಲಗಿಸಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಬೇರೆ ಏನಾದರೂ ಕಲ್ಪಿಸಿಕೊಂಡಾರು.

ನಾನು ಸೆಕೆಂಡ್ ಪಿಯುಸಿ ಸೈನ್ಸ್ ಪರೀಕ್ಷೆ ಬರೆದು ಕೂತಿದ್ದೆ. ನರ್ಸಿಂಗ್ ಓದಬೇಕು ಅನ್ನುವುದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ. ನನ್ನ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ್ದರಿಂದ ಮಕ್ಕಳ ಮನೆಯವರು ಜೂನ್ ಒಂದು ಅಂತ ಬರೆಸಿದ್ದರು. ನಮ್ಮ ಕಡೆ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರಾದ್ದರಿಂದ ಅದರಲ್ಲಿ ಬೇಜಾರೇನೂ ಇರಲಿಲ್ಲ. ಆ ಜೂನ್ ಒಂದಕ್ಕೆ ಹದಿನೆಂಟು ತುಂಬಿದರೆ ಸರ್ಕಾರ ಅಪ್ಪಾಜಿಗೆ ಕೊಡುತ್ತಿದ್ದ ದುಡ್ಡು ನಿಲ್ಲುತ್ತಿತ್ತು. ಆದರೆ ಇನ್ನೊಂದು ಬಾಗಿಲು ತೆರೆಯುತ್ತಿತ್ತು. ನನ್ನಂಥವರು ಮುಂದೆ ಓದುವುದಾದರೆ ಇಪ್ಪತ್ತೊಂದು ತುಂಬುವವರೆಗೆ ತಿಂಗಳು ತಿಂಗಳೂ ನಮ್ಮ ಖಾತೆಗೇ ನೆರವು ಬರುತ್ತದೆ. ಅದನ್ನು ನನಗೆ ಹೇಳಿದ್ದು ದುರ್ಗದ ಮಕ್ಕಳ ರಕ್ಷಣೆಯ ಕಚೇರಿಯಿಂದ ಆಗಾಗ ಮನೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದ ವಸಂತಾ ಮೇಡಂ. ನರ್ಸಿಂಗ್ ಸ್ಕೂಲಿನ ಫೀಸು, ಹಾಸ್ಟೆಲ್ಲು ಎರಡಕ್ಕೂ ಹೆಚ್ಚೂಕಡಿಮೆ ಸಾಕಾಗುತ್ತಿತ್ತು. ಮನೆಗೆ ಬಂದು ವರದಿ ಬರೆದುಕೊಳ್ಳುತ್ತೇನೆ, ಗುರುವಾರ ಇರಿ ಅಂತ ಅವರು ಅಪ್ಪಾಜಿಗೆ ಫೋನು ಮಾಡಿದ್ದರು.

ಅಪ್ಪಾಜಿ ಆ ಫೋನು ಮರೆತರು. ಮರೆತು, ಅದೇ ಗುರುವಾರ ಬೀಗರಾಗುವವರನ್ನು ಮನೆ ನೋಡಲು ಕರೆದರು.

ಅವರ ಒಬ್ಬನೇ ಮಗ ಗಿರೀಶನಿಗೆ ಹೊಳಲ್ಕೆರೆ ಕಡೆಯ ಬಿ.ದುರ್ಗದ ಹುಡುಗಿ ಗೊತ್ತಾಗುವುದರಲ್ಲಿತ್ತು. ಹೆಣ್ಣು ಕೊಡುವ ಮೊದಲು ಹಿರಿಯರು ಬಂದು ಗಂಡಿನ ಮನೆ ನೋಡುವುದು ಪದ್ಧತಿ. ನಮ್ಮ ಸೀಮೆಯಲ್ಲಿ ಮನೆ ನೋಡುವುದು ಅಂದರೆ ಮುಖ್ಯವಾಗಿ ಅಟ್ಟ ನೋಡುವುದು. ಬಲಿತ ತೆಂಗಿನಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಕೆಳಗಿನ ಒಲೆಯ ಹೊಗೆ ಕುಡಿದು ಕುಡಿದು ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳಬೇಕು. ಆ ಮನೆಯಲ್ಲಿ ಆ ಕೆಲಸ ನನ್ನದು. "ರೇಣುಕ ಆತು ಅಂದ್ರೆ ಆತು" ಅಂತ ಅಪ್ಪಾಜಿ ವ್ಯಾಪಾರಿಗಳ ಮುಂದೆ ಹೇಳುತ್ತಿದ್ದರು. ನನಗೆ ಅದು ದೊಡ್ಡ ಬಿರುದು.

ಬೀಗರು ಬಂದಾಗಲೂ ನಾನು ಅಟ್ಟದ ಮೇಲೇ ಇದ್ದೆ. ಹುಡುಗಿಯ ಸೋದರಮಾವ ಏಣಿ ಹತ್ತಿ ತಲೆ ತೂರಿಸಿ, ಕಾಯಿ ರಾಶಿಯನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡಿ ಕೆಳಗಿಳಿದ. ನಾನು ಇಳಿದು ಕೈ ತೊಳೆದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಟ್ಟೆ. ಚಹಾ ಕೊಡುವ ಹೊತ್ತಿಗೆ ವಸಂತಾ ಮೇಡಂ ಫೈಲು ಹಿಡಿದು ಹೊಸಿಲ ಮುಂದೆ ನಿಂತಿದ್ದರು.

ಅಪ್ಪಾಜಿ ಮುಖ ಒಂದು ಗಳಿಗೆ ಪೆಚ್ಚಾಯಿತು. ಆದರೂ, "ಬರ್ರಿ ಮೇಡಂ, ಕುಂತ್ಕಳ್ರಿ" ಅಂದರು.

ಮೇಡಂಗೆ ಬೀಗರ ವಿಷಯ ಏನು ಗೊತ್ತು? ಕೂತವರೇ ಫೈಲು ಬಿಚ್ಚಿದರು. "ಜೂನ್ ಒಂದಕ್ಕೆ ರೇಣುಕಂಗೆ ಹದಿನೆಂಟು ತುಂಬುತ್ತೆ. ನಿಮಗೆ ಬರ್ತಿದ್ದ ದುಡ್ಡು ನಿಲ್ಲುತ್ತೆ. ಮುಂದಿನ ಓದಿಗೆ ಇವಳ ಹೆಸರಲ್ಲಿ ಅರ್ಜಿ ಹಾಕ್ಬೇಕು, ಯಜಮಾನ್ರೇ."

ಸೋದರಮಾವ ಲೋಟ ಕೆಳಗಿಟ್ಟ. "ಓ, ಸರ್ಕಾರದ ದುಡ್ಡಿಗೆ ಸಾಕಿರೋ ಹುಡುಗೀನಾ ಇದು? ನಮ್ಮೂರಾಗೆ ಯಾರೋ ಅಂದ್ರು. ಇಷ್ಟು ದೊಡ್ಡ ಮನೆತನ, ಅಂಗೇನಿರಲ್ಲ ಅಂದ್ಕಂಡಿದ್ದೆ."

ನಮ್ಮ ಕಡೆ ದನ ಮೇಯಿಸಲು ಕೂಲಿ ತೆಗೆದುಕೊಳ್ಳಬಹುದು, ಮಗು ಸಾಕಲು ತೆಗೆದುಕೊಂಡರೆ ಆಡಿಕೊಳ್ಳುತ್ತಾರೆ. ಅಪ್ಪಾಜಿಯ ಕಿವಿ ಕೆಂಪಾಯಿತು.

"ದುಡ್ಡಿಗೆ ಸಾಕೀವಿ ಅಂತ ಯಾರ್ರಿ ಅಂದಿದ್ದು? ಇವಳು ನಮ್ಮನೆ ಮಗಳು. ನರ್ಸಿಂಗ್ ಅಲ್ಲ, ಡಾಕ್ಟ್ರು ಓದ್ತೀನಿ ಅಂದ್ರೂ ನಾನ್ ಓದುಸ್ತೀನಿ. ಮನೆ ಮಗಳಿಗೆ ಸರ್ಕಾರದ ದುಡ್ಡು ಯಾತಕ್ ಬೇಕು? ಬ್ಯಾಡ ಅಂತ ಬರ್ಕಳ್ರಿ ಮೇಡಂ."

ಮೇಡಂ ಬರೆಯಲಿಲ್ಲ. ನನ್ನ ಕಡೆ ತಿರುಗಿದರು. "ರೇಣುಕಾ, ನೀನು ಹೇಳು. ಇದು ನಿನ್ನ ಹಕ್ಕು. ಇವತ್ತೇ ಹೇಳ್ಬೇಕು ಅಂತಿಲ್ಲ, ಯೋಚನೆ ಮಾಡು." ಮತ್ತೊಮ್ಮೆ ಕೇಳಿದರು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಯಾರೂ ಇಲ್ಲದ ಕಡೆ, ಮೂರನೇ ಸಲವೂ ಕೇಳಿದರು. ಅವರ ಮೇಲೆ ತಪ್ಪು ಹೊರಿಸಲು ನನಗೆ ಎಲ್ಲಿಯೂ ಜಾಗವಿಲ್ಲ.

ನಾನು ಯೋಚನೆ ಮಾಡಲಿಲ್ಲ. ಏಳು ವರ್ಷದಲ್ಲಿ ಅಪ್ಪಾಜಿ ನನ್ನನ್ನು "ಹುಡುಗಿ" ಅಂದಿದ್ದರು, "ನಮ್ಮ ರೇಣುಕ" ಅಂದಿದ್ದರು. ಮಗಳು ಅಂತ ಹೊರಗಿನವರ ಮುಂದೆ ಅಂದದ್ದು ಅದೇ ಮೊದಲು. ನನಗೆ ಅಳು ಬರುವಷ್ಟು ಖುಷಿಯಾಗಿತ್ತು. ಆಗ ದುಡ್ಡು ಬೇಕು ಅಂದರೆ ನಾನು ಮಗಳಲ್ಲ ಅಂದಂತೆ. "ಬೇಡ ಮೇಡಂ, ಅಪ್ಪಾಜಿ ಓದುಸ್ತಾರೆ" ಅಂದೆ. ಕುಟುಂಬವೇ ಮುಂದಿನ ಓದಿನ ಜವಾಬ್ದಾರಿ ಹೊತ್ತಿದೆ, ನೆರವು ಅಗತ್ಯವಿಲ್ಲ ಅಂತ ಅವರು ಬರೆದ ಕೆಳಗೆ, ದುಂಡಗೆ, ನನ್ನ ಸಹಿ ಹಾಕಿದೆ. ಅಪ್ಪಾಜಿಯೂ ಹಾಕಿದರು. ಸೋದರಮಾವ ತಲೆಯಾಡಿಸಿ ಇನ್ನೊಂದು ಲೋಟ ಚಹಾ ಕೇಳಿದ.

ಆಮೇಲಿನ ಮೂರು ವಾರ ನನ್ನ ಬದುಕಿನ ಒಳ್ಳೆಯ ದಿನಗಳು. ಇದನ್ನು ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ. ಮದುವೆ ಆಷಾಢಕ್ಕೆ ಮುಂಚೆ ಮುಗಿಯಬೇಕು ಅಂತ ಆತುರ. ಅವ್ವ ನನಗೂ ಒಂದು ಜರಿಯಂಚಿನ ಸೀರೆ ತಂದಳು. ಹಗಲೆಲ್ಲ ಕೊಬ್ಬರಿ ಸುಲಿಯುವ ಹೆಂಗಸರ ಜೊತೆ ಕೂತು ಚಿಪ್ಪು ಒಡೆಯುತ್ತಿದ್ದೆ. ಅವರು "ಏನವ್ವ, ಮನೆ ಮಗಳೇ ಕುಂತ್ಬಿಟ್ಯಲ್ಲ ಸುಲಿಯಾಕೆ" ಅಂತ ರೇಗಿಸಿದರೆ ನಾಚಿಕೊಂಡು ನಗುತ್ತಿದ್ದೆ. ಪರೀಕ್ಷೆಯ ಫಲಿತಾಂಶ ಬಂದು ಫಸ್ಟ್ ಕ್ಲಾಸಾಗಿತ್ತು. ಅಪ್ಪಾಜಿ ಊರಿಗೆಲ್ಲ ಪೇಡ ಹಂಚಿದರು.

ಲಗ್ನಪತ್ರಿಕೆ ಬಂದದ್ದು ಒಂದು ಮಧ್ಯಾಹ್ನ. ಹಂಚುವ ಮೊದಲು ಪ್ರತಿ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕು. ಅವ್ವ ಬಟ್ಟಲಲ್ಲಿ ಅರಿಶಿನ ಕಲಸಿ ನನ್ನ ಮುಂದಿಟ್ಟು ಹೋದಳು. ನಾನು ಮೊದಲನೆಯದಕ್ಕೆ ಹಚ್ಚುತ್ತ ಓದಿದೆ. ಮಠದ ಕೃಪಾಶೀರ್ವಾದ, ವರ, ವಧು, ಮುಹೂರ್ತ, ಕೆಳಗೆ ಆಗಮನ ಬಯಸುವವರ ಪಟ್ಟಿ. ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು, ಆ ಮಕ್ಕಳ ಮಕ್ಕಳು. ಹಾಲು ಹಲ್ಲೂ ಬಿದ್ದಿರದ ಕೂಸುಗಳ ಹೆಸರೂ ಇತ್ತು. ನನ್ನದಿರಲಿಲ್ಲ. ಮೇಲಿನಿಂದ ಇನ್ನೊಮ್ಮೆ ಓದಿದೆ. ಹಿಂದಿನ ಪುಟವನ್ನೂ ತಿರುಗಿಸಿ ನೋಡಿದೆ.

"ಅವ್ವ, ನನ್ನ ಹೆಸ್ರು ಬಿಟ್ಟೋಗೈತೆ."

"ಜಾಗ ಸಾಲ್ಲಿಲ್ಲಂತೆ ಕಣೆ ಪ್ರೆಸ್ಸಿನೋರಿಗೆ."

ನಾನು ಪತ್ರಿಕೆ ಅವಳ ಮುಂದೆ ಹಿಡಿದೆ. ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಎದುರಿಗೆ ಕುಕ್ಕರಿಸಿ ಕೂತು ಸೆರಗಿನ ತುದಿ ತಿರುಚಿದಳು.

"ಆ ಸೋದರಮಾವ ಬ್ಯಾಡ ಅಂದ. ಪತ್ರಿಕೇಲಿ ಹೆಸ್ರು ಹಾಕಿಸ್ಕಂಡೋಳು ನಾಳೆ ತೋಟದ ಪಾಲಿಗೂ ಬರ್ತಾಳೆ, ನಮ್ಮ ಹುಡುಗಿ ಗತಿ ಏನು ಅಂದ. ಅಪ್ಪಾಜಿ ಏನ್ ಮಾಡ್ತಾರೆ ಹೇಳು. ಹೆಸ್ರಾಗೇನೈತೆ ಬಿಡು. ನಮ್ಮ ಮನಸ್ನಾಗೆ ನೀನಿದ್ದೀಯ."

ಉಳಿದ ಪತ್ರಿಕೆಗಳಿಗೆಲ್ಲ ಅರಿಶಿನ ಹಚ್ಚಿ ಮುಗಿಸಿದೆ. ಬೇರೆ ಏನು ಮಾಡಬಹುದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಮದುವೆ ಹೊಳಲ್ಕೆರೆಯ ಛತ್ರದಲ್ಲಿ ನಡೆಯಿತು. ಉಗ್ರಾಣದ ಕೀಲಿ ನನ್ನ ಸೊಂಟಕ್ಕೆ ಸಿಕ್ಕಿಸಿದರು. ಅದು ನಂಬಿಕೆಯವರಿಗೆ ಕೊಡುವ ಕೆಲಸ, ಹೌದು. ಆದರೆ ಉಗ್ರಾಣದಿಂದ ಮಂಟಪ ಕಾಣುವುದಿಲ್ಲ. ಗಟ್ಟಿಮೇಳ ಕೇಳಿದಾಗ ನಾನು ಬೆಲ್ಲದ ಪಿಂಡಿ ಒಡೆಯುತ್ತಿದ್ದೆ. ಅಕ್ಷತೆಯನ್ನು ಅಲ್ಲಿಂದಲೇ ಗೋಡೆಯ ಕಡೆ ಹಾಕಿದೆ.

ಇಷ್ಟರವರೆಗೂ ನಾನು ನುಂಗಿಕೊಂಡಿದ್ದೆ. ಹೆಸರು ಹೋದರೆ ಹೋಗಲಿ, ಓದು ಸಿಗುತ್ತದಲ್ಲ ಅಂದುಕೊಂಡಿದ್ದೆ. ದುರ್ಗದ ನರ್ಸಿಂಗ್ ಸ್ಕೂಲಿನಲ್ಲಿ ಸೀಟು ಸಿಕ್ಕಿತು. ಪತ್ರ ಹಿಡಿದು ಅಪ್ಪಾಜಿ ಮುಂದೆ ನಿಂತೆ. ಅವರು ಎರಡೂ ಕಡೆ ತಿರುಗಿಸಿ ನೋಡಿದರು.

"ಮದ್ವೆ ಖರ್ಚು ನೀನೇ ಕಂಡಿದ್ದೀಯಲ್ಲವ್ವ. ಈ ವರ್ಷ ಮನೇಲಿರು. ಹೊಸ ಸೊಸೆಗೂ ಜೊತೆ ಆಗ್ತೈತೆ. ಮುಂದಿನ ವರ್ಷ ನೋಡಾಣ."

ಮುಂದಿನ ವರ್ಷ ನೋಡೋಣ ಅನ್ನುವ ಮಾತನ್ನು ಅವರು ಬೇಲಿ ಕಟ್ಟಿಸುವುದಕ್ಕೂ ಹೇಳುತ್ತಿದ್ದರು, ಅವ್ವನ ಹಲ್ಲು ಕೀಳಿಸುವುದಕ್ಕೂ ಹೇಳುತ್ತಿದ್ದರು. ನಾನಿದ್ದ ಏಳು ವರ್ಷದಲ್ಲಿ ಎರಡೂ ಆಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ದುರ್ಗಕ್ಕೆ ಹೋದೆ. ವಸಂತಾ ಮೇಡಂ ಬಯ್ಯಲಿಲ್ಲ. ಫೈಲು ತೆಗೆದು ನನ್ನ ದುಂಡನೆಯ ಸಹಿ ತೋರಿಸಿದರು. ಆಮೇಲೆ ಹೇಳಿದರು, "ಇನ್ನೂ ದಾರಿ ಇದೆ. ಯಜಮಾನ್ರು ನನ್ನ ಕೈಲಿ ಓದಿಸೋಕೆ ಆಗಲ್ಲ ಅಂತ ಒಂದು ಪತ್ರ ಕೊಟ್ಟರೆ ಫೈಲು ಮತ್ತೆ ತೆಗೀತೀನಿ. ಅವರು ಕೊಡದಿದ್ರೆ ನೀನೇ ಬರಿ. ಓದಿಸ್ತೀವಿ ಅಂತ ಸಹಿ ಹಾಕಿ ಮಾತು ತಪ್ಪಿದ್ರು ಅಂತ. ನಾನು ಬಂದು ವಿಚಾರಣೆ ಮಾಡ್ತೀನಿ."

ಅಪ್ಪಾಜಿ ಪತ್ರ ಕೊಡಲಿಲ್ಲ. "ಆಗಲ್ಲ ಅಂತ ನನ್ ಕೈಯಾರೆ ಬರ್ಕೊಡ್ಲಾ? ಬೀಗರ ಮುಂದೆ ಆಡಿದ ಮಾತು ಅದು. ಬಿ.ದುರ್ಗಕ್ಕೆ ಗೊತ್ತಾದ್ರೆ ನಾನ್ ಮುಖ ಎತ್ತಿ ತಿರುಗಾಡಾದು ಹೆಂಗೆ?" ಅಂದರು. ಓದಿಸುವುದಕ್ಕೆ ದುಡ್ಡಿಲ್ಲ, ದುಡ್ಡಿಲ್ಲ ಅನ್ನುವುದಕ್ಕೆ ಮನಸ್ಸಿಲ್ಲ. ಅವರ ಮಾನ ಉಳಿಯಲು ನನ್ನ ಓದು ಹೋಗಬೇಕಿತ್ತು, ಅದು ಅವರಿಗೆ ದೊಡ್ಡ ಬೆಲೆ ಅನ್ನಿಸಲಿಲ್ಲ. ನನಗೆ ಮೋಸವಾಯಿತು ಅಂತ ಮೊದಲ ಸಲ ನನಗೆ ನಾನೇ ಹೇಳಿಕೊಂಡದ್ದು ಅವತ್ತು, ಅಟ್ಟದ ಏಣಿಯ ಕೆಳಗೆ ನಿಂತು.

ಇನ್ನು ನಾನೇ ಬರೆಯಬೇಕು. ಬಿಳಿ ಹಾಳೆ, ಪೆನ್ನು ಹಿಡಿದು ಮೂರು ದಿನ ಕೂತೆ. "ಮಾನ್ಯರೇ" ಅಂತ ಬರೆದೆ. ಮುಂದಕ್ಕೆ ಅಪ್ಪಾಜಿಯ ಜೊತೆ ಅವ್ವನ ಹೆಸರೂ ಬರೆಯಬೇಕಿತ್ತು. ನನಗೆ ಟೈಫಾಯಿಡ್ ಬಂದಾಗ ಹದಿನೈದು ದಿನ ಪಕ್ಕದಲ್ಲೇ ಮಲಗಿದವಳ ಹೆಸರನ್ನು ದೂರಿನ ಪತ್ರದಲ್ಲಿ ಬರೆಯಲು ಕೈ ಬರಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ಎಣಿಸಲಿಲ್ಲ. ಸೀಟಿನ ಗಡುವು ಮುಗಿಯಿತು. ಶ್ರಾವಣದಲ್ಲಿ ಚೀಲ ಕಟ್ಟಿಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ಅವ್ವ ಐದು ಉಂಡೆ ಕೊಬ್ಬರಿ, ಒಂದು ಅಚ್ಚು ಬೆಲ್ಲ ಮಡಿಲಿಗೆ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. ಅದು ನಾಟಕದ ಅಳುವಲ್ಲ. ಹಾಗಿದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಸಿಕ್ಕಿತು. ಬೆಡ್‌ಪ್ಯಾನು, ಬೆಡ್‌ಶೀಟು, ನೆಲ. ನರ್ಸುಗಳದ್ದು ಬಿಳಿ, ನಮ್ಮದು ನೀಲಿ ಕೋಟು. ಹಳ್ಳಿಯಿಂದ ಬರುವ ರೋಗಿಗಳಿಗೆ ಬಣ್ಣದ ಲೆಕ್ಕ ಗೊತ್ತಿಲ್ಲ, ನನ್ನನ್ನೂ ಸಿಸ್ಟರ್ ಅಂತಾರೆ. ನಾನು ತಿದ್ದುವುದಿಲ್ಲ.

ಈಗ ಕಳೆದ ಬೇಸಿಗೆಯ ಗುರುವಾರಕ್ಕೆ ಬರುತ್ತೇನೆ. ಮನೆ ಹಾಗೇ ಇತ್ತು. ಬೇಲಿ ಕಟ್ಟಿಸಿರಲಿಲ್ಲ. ಅವ್ವನ ಬಾಯಲ್ಲಿ ಆ ಹಲ್ಲು ತಾನಾಗಿಯೇ ಬಿದ್ದುಹೋಗಿತ್ತು. ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಅನುಷ ಏಣಿ ಇಳಿದು ಬಂದಳು, ತಲೆಯಲ್ಲಿ ಮಟ್ಟೆಯ ನಾರು. ಈಗ ಕಾಯಿ ಅಲ್ಲಾಡಿಸಿ ನೋಡುವುದು ಅವಳಂತೆ. ಒಲೆ ಮುಂದೆ ಕೂತು ಉತ್ಸಾಹದಿಂದ ಹೇಳಿದಳು.

"ದುರ್ಗದಾಗೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡ್ತೀನಕ್ಕ. ಅಪ್ಪಾಜಿ ಓದುಸ್ತೀನಿ ಅಂದವ್ರೆ. ಸರ್ಕಾರದ್ದೇನೂ ಬ್ಯಾಡಂತೆ."

ನನ್ನನ್ನು ಕರೆಸಿದ್ದು ಯಾಕೆ ಅಂತ ಅಪ್ಪಾಜಿಯೇ ಹೇಳಿದರು. "ಬರೋ ಹುಣ್ಣಿಮೆಗೆ ಮಠದಾಗೆ ನಂಗೆ ಶಾಲು ಹೊದಿಸ್ತಾರಂತೆ ಕಣವ್ವ, ಎರಡು ಹೆಣ್ಮಕ್ಕಳ್ನ ಸಾಕಿ ದಡ ಹತ್ತಿಸಿದ್ದಕ್ಕೆ. ಅಂಥದ್ರಾಗೆ ಇನ್ನೂ ಸರ್ಕಾರದ ದುಡ್ಡು ಅಂತ ಅರ್ಜಿ ಹಾಕಿದ್ರೆ ಚೆನ್ನಾಗಿರ್ತೈತಾ? ಕಚೇರಿಯೋರು ನಿನ್ನ ನೋಡಿದ್ರೆ ಅವ್ರಿಗೂ ನಂಬಿಕೆ." ಅಂದರೆ ನಾನು ಮಗಳಾಗಿ ಬಂದಿರಲಿಲ್ಲ, ಸಾಕ್ಷಿಯಾಗಿ ಬಂದಿದ್ದೆ. ಏಳು ವರ್ಷದಲ್ಲಿ ಒಂದು ಸಲವೂ ಬಾರದ ಫೋನು ಈಗ ಬಂದದ್ದರ ಅರ್ಥ ತಿಳಿಯಿತು.

ಬಂದವರು ಹೊಸ ಮೇಡಂ, ನನಗಿಂತ ಸ್ವಲ್ಪವೇ ದೊಡ್ಡವರು. ವಸಂತಾ ಮೇಡಂಗೆ ವರ್ಗವಾಗಿತ್ತಂತೆ. ಅದೇ ಕುರ್ಚಿ, ಅಂಥದೇ ಫೈಲು. ಅವ್ವ ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿ, "ಇವಳು ನಮ್ಮ ಹಿರೇ ಮಗಳು. ಹಿರಿಯೂರಾಗೆ ನರ್ಸು" ಅಂದಳು. ಅಪ್ಪಾಜಿ ಗಂಟಲು ಸರಿಮಾಡಿಕೊಂಡರು.

"ಅನುಷನೂ ಅಷ್ಟೇ ಮೇಡಂ, ನಮ್ಮನೆ ಮಗಳು. ಮನೆ ಮಗಳಿಗೆ ಸರ್ಕಾರದ ದುಡ್ಡು ಯಾತಕ್ ಬೇಕು? ಬ್ಯಾಡ ಅಂತ ಬರ್ಕಳ್ರಿ ಮೇಡಂ."

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೇಡಂ ಅನುಷಳನ್ನು ಕೇಳಿದರು. ಅನುಷ ಅಪ್ಪಾಜಿಯ ಮುಖ ನೋಡಿದಳು. ಅವಳ ಮುಖದಲ್ಲಿದ್ದ ಬೆಳಕು ನನಗೆ ಗೊತ್ತು, ಅದನ್ನು ನಾನು ಒಂದು ಸಲ ಹೊತ್ತಿದ್ದೇನೆ. ಅವಳು ಪೆನ್ನಿಗೆ ಕೈಚಾಚಿದಳು.

"ಮೇಡಂ, ಒಂದ್ನಿಮಿಷ" ಅಂದೆ. "ಈ ಹುಡುಗಿ ಈ ಮನೆ ಮಗಳಲ್ಲ ಅಂತ ಬರ್ಕಳ್ರಿ."

ಅನುಷಳ ಕೈ ಅಲ್ಲೇ ನಿಂತಿತು. ನಾನು ಮುಂದುವರಿಸಿದೆ. "ಇವ್ರು ಊಟ ಹಾಕ್ತಾರೆ, ಚೆನ್ನಾಗಿ ನೋಡ್ಕಂತಾರೆ, ಅದ್ರಾಗೆ ಎರಡು ಮಾತಿಲ್ಲ. ಓದ್ಸಲ್ಲ. ನಂಗೂ ಇದೇ ಮಾತು ಹೇಳಿದ್ರು, ನಾನೂ ಇಲ್ಲೇ ಕುಂತು ಸಹಿ ಹಾಕ್ದೆ. ನಿಮ್ಮ ಕಚೇರೀಲಿ ಹಳೇ ಫೈಲು ಇದ್ರೆ ತೆಗ್ದು ನೋಡ್ರಿ. ನಾನು ನರ್ಸಲ್ಲ ಮೇಡಂ. ಆಯಾ."

ಅಪ್ಪಾಜಿ ಎದ್ದು ನಿಂತರು. "ಲೇ ರೇಣುಕ, ಉಂಡ ಮನೆ ಜಂತೆ ಎಣಿಸ್ತೀಯೇನೆ?"

"ಎಣಿಸ್ದೆ ಅಪ್ಪಾಜಿ. ಏಳು ವರ್ಷ ತಡ ಆತು."

ಅವ್ವ ಒಳಗೆ ಹೋಗಿಬಿಟ್ಟಳು. ಮೇಡಂ ಪೆನ್ನು ಹಿಂದಕ್ಕೆ ತೆಗೆದುಕೊಂಡು ಫೈಲು ಮುಚ್ಚಿದರು. ಇವತ್ತು ಸಹಿ ಬೇಡ, ಅನುಷ ಸೋಮವಾರ ಒಬ್ಬಳೇ ಕಚೇರಿಗೆ ಬರಲಿ ಅಂದರು. ನಾನು ಚೀಲ ತೆಗೆದುಕೊಂಡು ಅಂಗಳಕ್ಕಿಳಿದೆ. ಹಿಂದೆಯೇ ಅನುಷ ಬಂದಳು. ಕೃತಜ್ಞತೆ ಹೇಳುತ್ತಾಳೆ ಅಂತ ನಾನೇನೂ ಅಂದುಕೊಂಡಿರಲಿಲ್ಲ, ಆದರೂ ಅವಳ ಮಾತಿಗೆ ತಯಾರಿರಲಿಲ್ಲ.

"ನಿಂಗೆ ಸಿಗ್ಲಿಲ್ಲ ಅಂತ ನಂಗೂ ಸಿಗ್ಬಾರ್ದಾ ಅಕ್ಕ? ಇಷ್ಟು ವರ್ಷಕ್ಕೆ ಇವತ್ತೇ ಮೊದ್ಲು ಕಣಕ್ಕ ಅವ್ರು ಮಗಳು ಅಂದಿದ್ದು."

ಅವಳು ಅಳುತ್ತ ನಿಂತಿದ್ದಳು. ನಾನು ಬಸ್ಸಿಗೆ ನಡೆದೆ.

ಮಳೆಗಾಲ ಶುರುವಾದ ಮೇಲೆ ಮೇಡಂ ಫೋನು ಮಾಡಿದ್ದರು. ಅನುಷಳ ನೆರವು ಮಂಜೂರಾಯಿತು, ದುರ್ಗದಲ್ಲಿ ಡಿಪ್ಲೊಮಾ ಸೇರಿದ್ದಾಳೆ, ಹಾಸ್ಟೆಲ್ಲಿನಲ್ಲಿದ್ದಾಳೆ ಅಂದರು. ಮಠದ ಶಾಲಿನ ವಿಷಯ ನಾನು ಕೇಳಲಿಲ್ಲ. ಅನುಷಳ ನಂಬರು ತೆಗೆದುಕೊಂಡು ನಾಲ್ಕೈ‌ದು ಸಲ ಮಾಡಿದೆ. ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತಾಳೆ. ಈಗ ಎತ್ತುವುದೂ ಇಲ್ಲ.

ಎತ್ತದಿದ್ದರೆ ಬೇಡ. ಆ ಮೊದಲ ಗುರುವಾರ ನನ್ನ ಪಕ್ಕದಲ್ಲೂ ಯಾರಾದರೂ ಹೀಗೆ ಎದ್ದು ನಿಂತು, ಇವಳು ಈ ಮನೆ ಮಗಳಲ್ಲ ಅಂದಿದ್ದರೆ, ಅವರನ್ನು ನಾನು ಈ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ನರ್ಸಂತೂ ಆಗಿರುತ್ತಿದ್ದೆ.